ನೋವಿಲ್ಲವಲ್ಲ, ಇರಲಿ ಬಿಡಿ

"ಏನೋ ವಾಸನೆ ಬರ್ತಿದೆ ಅಲ್ವಾ?"

ಸುಮಾರು ಎರಡು ತಿಂಗಳು ನಾನು ಮನೆಯಲ್ಲಿ ಎಲ್ಲಕ್ಕಿಂತ ಜಾಸ್ತಿ ಆಡಿದ ಮಾತು ಇದೇ ಇರಬೇಕು. ಮೊದಲು ಫ್ರಿಜ್ ಮೇಲೆ ಅನುಮಾನ ಬಂತು. ಒಳಗಿದ್ದ ಡಬ್ಬಿಗಳನ್ನೆಲ್ಲ ಹೊರಗಿಟ್ಟು, ಒಂದೊಂದರ ಮುಚ್ಚಳ ತೆಗೆದು ಮೂಸಿದೆ. ಆಮೇಲೆ ಸಿಂಕ್‌ನ ಪೈಪು. ಆಮೇಲೆ ಕಸದ ಬುಟ್ಟಿ. ಒಂದು ಭಾನುವಾರ ಬೀರು ಸರಿಸಿ, ಹಿಂದೆ ಇಲಿ ಏನಾದರೂ ಸತ್ತಿದೆಯಾ ಅಂತ ಟಾರ್ಚ್ ಬಿಟ್ಟು ನೋಡಿದ್ದೂ ಆಯಿತು. ಹೆಂಡತಿ ಮೊದಮೊದಲು ಜೊತೆಗೆ ಬಂದು ಮೂಸಿದಳು. ಆಮೇಲೆ ಕೂತಲ್ಲಿಂದಲೇ "ನಂಗೇನೂ ಬರ್ತಿಲ್ಲ ರೀ" ಅಂದಳು. ಕೊನೆಕೊನೆಗೆ ಉತ್ತರ ಕೊಡೋದನ್ನೂ ಬಿಟ್ಟಳು. ಅದೇ ವಾಸನೆ ಕಾರಿನಲ್ಲೂ ಬಂತು, ಆಫೀಸಿನ ಲಿಫ್ಟ್‌ನಲ್ಲೂ ಬಂತು, ಬೆಳಿಗ್ಗೆ ವಾಕಿಂಗ್ ಹೋದಾಗ ಬಯಲಲ್ಲೂ ಬಂತು. ಆಗಲಾದರೂ ತಲೆಗೆ ಹೊಳೆಯಬೇಕಿತ್ತು. ಹೋದಲ್ಲೆಲ್ಲ ಬೆನ್ನು ಬಿಡದೆ ಬರುವ ವಾಸನೆ ಎಲ್ಲಿಂದ ಬರೋಕೆ ಸಾಧ್ಯ?

ಬಾಯಿ ವಾಸನೆಯ ಲೆಕ್ಕ ಎಲ್ಲರಿಗೂ ಗೊತ್ತು. ಎದುರಿಗೆ ಕೂತವರಿಗೆ ಗೊತ್ತಾಗುತ್ತೆ, ಬಾಯಿ ಇದ್ದವನಿಗೆ ಗೊತ್ತಾಗಲ್ಲ. ನನ್ನದು ಉಲ್ಟಾ ಆಗಿತ್ತು. ನನಗೊಬ್ಬನಿಗೇ ಬರುವ ವಾಸನೆ, ಯಾಕಂದ್ರೆ ಅದು ಹುಟ್ಟುತ್ತಿದ್ದದ್ದೇ ಮೂಗಿನ ಪಕ್ಕದಲ್ಲಿ. ಬಲಗಡೆ ಕೆನ್ನೆಯ ಮೂಳೆಯ ಹಿಂದೆ, ಸೈನಸ್ ಅನ್ನೋ ಖಾಲಿ ಜಾಗದಲ್ಲಿ, 10 ಮಿಲಿಮೀಟರ್ ಉದ್ದದ ಒಂದು ಟೈಟಾನಿಯಂ ಸ್ಕ್ರೂ ಬಿದ್ದುಕೊಂಡಿತ್ತು. ಅದರ ಸುತ್ತ ಕೀವು ಕಟ್ಟಿತ್ತು. ತಮಾಷೆ ಏನು ಅಂದ್ರೆ, ಸ್ಕ್ರೂ ಅಲ್ಲಿದೆ ಅಂತ ನನಗೆ ಏಳು ತಿಂಗಳಿಂದ ಗೊತ್ತಿತ್ತು. ಗೊತ್ತಿದ್ದೂ ಬೀರುವಿನ ಹಿಂದೆ ಇಲಿ ಹುಡುಕಿದೆ. ಆಪರೇಷನ್ ಆಗಿ ಈಗ ಆರಾಮಾಗಿದ್ದೇನೆ. ಆದರೆ ಆ ಏಳು ತಿಂಗಳು ನಾನು ಏನು ಮಾಡ್ತಿದ್ದೆ ಅನ್ನೋದು ಮಾತ್ರ ಇನ್ನೂ ತಲೆ ತಿನ್ನುತ್ತಿದೆ.

ಹತ್ತು ನಿಮಿಷದ ಕೆಲಸ

ಮೇಲಿನ ಬಲಗಡೆಯ ದವಡೆ ಹಲ್ಲು ಕೀಳಿಸಿ ಆರೇಳು ವರ್ಷ ಆಗಿತ್ತು. ಆ ಜಾಗಕ್ಕೆ ಇಂಪ್ಲಾಂಟ್, ಅಂದ್ರೆ ಹೊಸ ಹಲ್ಲಿಗೆ ಬೇರಿನ ಹಾಗೆ ಮೂಳೆಯಲ್ಲಿ ಕೂರಿಸುವ ಆ ಟೈಟಾನಿಯಂ ಸ್ಕ್ರೂ ಹಾಕಿ, ನಾಲ್ಕು ತಿಂಗಳು ಒಸಡಿನ ಕೆಳಗೆ ಮುಚ್ಚಿಟ್ಟಿದ್ದರು. ಅವತ್ತು ಇದ್ದದ್ದು ಚಿಕ್ಕ ಕೆಲಸ. ಒಸಡನ್ನು ಚೂರು ಬಿಡಿಸಿ, ಇಂಪ್ಲಾಂಟ್ ಮೇಲಿನ ಪುಟ್ಟ ಮುಚ್ಚಳ ತೆಗೆದು, ಒಸಡು ಸುತ್ತ ಕೂಡಿಕೊಳ್ಳಲಿ ಅಂತ ಒಂದು ಪುಟ್ಟ ಕ್ಯಾಪ್ ಕೂರಿಸೋದು. "ಹತ್ತು ನಿಮಿಷ ಸರ್, ಅಷ್ಟೇ" ಅಂದಿದ್ದರು ಡಾಕ್ಟರ್. ಮರಗಟ್ಟುವ ಇಂಜೆಕ್ಷನ್ ಕೊಟ್ಟಿದ್ದರಿಂದ ನೋವಿರಲಿಲ್ಲ. ಬೆರಳಲ್ಲೇ ತಿರುಗಿಸುವ ಸಣ್ಣ ಡ್ರೈವರ್ ಹಿಡಿದು ಮೇಲಕ್ಕೆ ಒತ್ತಿ ತಿರುಗಿಸಿದರು. ಹಸಿ ಮಣ್ಣಿಗೆ ಕಡ್ಡಿ ಚುಚ್ಚುವಾಗ ಮೊದಲು ಒಂಚೂರು ತಡೆಯುತ್ತೆ, ಆಮೇಲೆ ಇದ್ದಕ್ಕಿದ್ದ ಹಾಗೆ ಪುಸಕ್ಕನೆ ಹೋಗಿಬಿಡುತ್ತಲ್ಲ, ಹಾಗೆ ಏನೋ ಹೋಯಿತು. ನೋವಲ್ಲ, ಶಬ್ದವೂ ಅಲ್ಲ. ಏನೋ ಒಂದು ಇದ್ದ ಜಾಗದಲ್ಲಿ ಇಲ್ಲ ಅನ್ನೋ ಅನುಭವ.

ಡಾಕ್ಟರ್ ಕೈ ನಿಂತಿತು. "ಒಂದ್ನಿಮಿಷ ಸಕ್ಷನ್ ಆಫ್ ಮಾಡಮ್ಮ" ಅಂದರು ಅಸಿಸ್ಟೆಂಟ್ ಹುಡುಗಿಗೆ. ಅಷ್ಟು ಹೊತ್ತು ಗೊರಗೊರ ಅನ್ನುತ್ತಿದ್ದ ಪೈಪು ಸುಮ್ಮನಾಯಿತು. ನಾನು ಬಾಯಿ ತೆರೆದೇ ಇದ್ದೆ, ಮುಚ್ಚಬೇಕೋ ಬೇಡವೋ ಗೊತ್ತಾಗದೆ. ಅವರ ಕನ್ನಡಕದಲ್ಲಿ ನನ್ನ ಬಾಯಿ ಕಾಣುತ್ತಿತ್ತು, ಪುಟ್ಟದಾಗಿ, ಎರಡು ಗಾಜಿನಲ್ಲೂ ಒಂದೊಂದು. ಆಮೇಲೆ ಎಕ್ಸ್‌ರೇ ತೆಗೆದರು. ಪರದೆಯ ಮೇಲೆ ಪಕ್ಕದ ಹಲ್ಲುಗಳ ಬೇರಿಗಿಂತ ಮೇಲೆ ಕಪ್ಪಗೆ ಒಂದು ಖಾಲಿ ಜಾಗ. ಅದರ ತಳದಲ್ಲಿ ಬೆಳ್ಳಗೆ ನಮ್ಮ ಸ್ಕ್ರೂ, ಅಡ್ಡ ಮಲಗಿತ್ತು.

ಆ ಡಾಕ್ಟರ್ ಏನನ್ನೂ ಮುಚ್ಚಿಡಲಿಲ್ಲ. ಕುರ್ಚಿ ಎಳೆದುಕೊಂಡು ನನ್ನ ಎದುರಿಗೆ ಕೂತರು. ಮಾಸ್ಕ್ ತೆಗೆದರು. "ಇಂಪ್ಲಾಂಟ್ ಸೈನಸ್ ಒಳಗೆ ಹೋಗಿದೆ ಸರ್. ನನ್ನ ಕೈಯಲ್ಲೇ ಆಯ್ತು. ಇಲ್ಲಿಂದ ತೆಗೆಯೋಕೆ ನೋಡಿದ್ರೆ ತೂತು ಇನ್ನೂ ದೊಡ್ಡದಾಗುತ್ತೆ, ಅದಕ್ಕೇ ಕೈ ಹಾಕಲ್ಲ. ಈಗ ಒಸಡು ಹೊಲೀತೀನಿ. ಸರ್ಜನ್‌ಗೆ ಪತ್ರ ಬರೆದು ಕೊಡ್ತೀನಿ. ಈಗೇನೂ ನೋವಾಗಲ್ಲ. ನೋವಿಲ್ಲ ಅಂತ ಬಿಡಬೇಡಿ, ತೆಗೆಸಲೇಬೇಕು." ಇಷ್ಟೂ ಮಾತು ಹೇಳಿದ್ದು ನನಗೆ ಈಗ ಸ್ಪಷ್ಟವಾಗಿ ನೆನಪಿದೆ. ಅವತ್ತು ಮನೆಗೆ ಬಂದು ಹೆಂಡತಿಗೆ ಹೇಳಿದ್ದು ಮಾತ್ರ: "ಸ್ವಲ್ಪ ಮೇಲೆ ಹೋಗಿದೆಯಂತೆ. ನೋವಾಗಲ್ಲ ಅಂದ್ರು."

ಗರಿ ಹಾಕಿ ನೋಡಿದ ಹೆಂಗಸು

ಕೆನ್ನೆಯೊಳಗೆ ಖಾಲಿ ಜಾಗ ಇದೆ ಅನ್ನೋದನ್ನೇ ನಾನು ಸರಿಯಾಗಿ ಯೋಚಿಸಿರಲಿಲ್ಲ. ಸೈನಸ್ ಅಂದ್ರೆ ನೆಗಡಿ ಆದಾಗ ಬರುವ ತಲೆನೋವು ಅಂತ ತಿಳಿದುಕೊಂಡವನು ನಾನು. ಅದು ನಿಜಕ್ಕೂ ಒಂದು ಕೋಣೆ. ಕಣ್ಣಿನ ಕೆಳಗೆ, ಮೂಗಿನ ಪಕ್ಕಕ್ಕೆ, ಮೇಲಿನ ದವಡೆ ಹಲ್ಲುಗಳ ಬೇರಿನ ಮೇಲೆ, ಎರಡೂ ಕಡೆ ಒಂದೊಂದು. ದೊಡ್ಡವರಲ್ಲಿ ಒಂದೊಂದರಲ್ಲೂ ಸುಮಾರು 15 ಮಿಲಿಲೀಟರ್ ಗಾಳಿ ಹಿಡಿಯುತ್ತೆ, ಅಂದ್ರೆ ಮೂರು ಟೀ ಚಮಚ. ಲಿಯೊನಾರ್ಡೊ ಡಾ ವಿಂಚಿ 1489ರಲ್ಲೇ ತಲೆಬುರುಡೆ ಸೀಳಿ ಇದರ ಚಿತ್ರ ಬರೆದಿದ್ದ. ಆದರೆ ಹೆಸರು ನಿಂತದ್ದು ಇಂಗ್ಲೆಂಡಿನ ನಥಾನಿಯಲ್ ಹೈಮೋರ್ ಅನ್ನೋ ವೈದ್ಯನದು. 1651ರ ತನ್ನ ಪುಸ್ತಕದಲ್ಲಿ ಆತ ಒಬ್ಬ ಹೆಂಗಸಿನ ಕಥೆ ಬರೆದಿದ್ದಾನೆ. ಆಕೆಗೆ ಮೇಲಿನ ಹಲ್ಲು ಕೀಳಿಸಿದ ಮೇಲೆ ತೂತು ಉಳಿದುಕೊಂಡಿತು, ಅದರಿಂದ ಕೀವು ಸೋರುತ್ತಿತ್ತು. ಎಷ್ಟು ಆಳ ಇರಬಹುದು ಅಂತ ಬೆಳ್ಳಿ ಕಡ್ಡಿ ಹಾಕಿ ನೋಡಿದಳು. ತಳ ಸಿಗಲಿಲ್ಲ. ಹಕ್ಕಿ ಗರಿ ತೆಗೆದುಕೊಂಡು, ಅದರ ಪುಕ್ಕ ಸವರಿ, ಬರೀ ದಂಟನ್ನು ಒಳಗೆ ತಳ್ಳಿದಳು. ಹೋಗ್ತಾನೇ ಇತ್ತು. ಮಿದುಳಿಗೇ ಮುಟ್ಟಿತು ಅಂತ ಹೆದರಿ ಹೈಮೋರನ ಹತ್ತಿರ ಓಡಿ ಬಂದಳು. ಮಿದುಳಿಗಲ್ಲಮ್ಮ, ಅದು ಒಳಗಿನ ಕೋಣೆಯಲ್ಲೇ ಸುರುಳಿ ಸುತ್ತಿಕೊಂಡಿದೆ ಅಂತ ಆತ ತೋರಿಸಿಕೊಟ್ಟ.

ಈ ಕಥೆ ಓದಿ ನನಗೆ ಆಕೆಯ ಮೇಲೆ ಬಹಳ ಗೌರವ ಬಂತು. ಆಕೆಗೆ ಸ್ಕ್ಯಾನ್ ಇರಲಿಲ್ಲ, ಎಕ್ಸ್‌ರೇ ಇರಲಿಲ್ಲ. ಆದರೂ ಒಳಗೆ ಏನೋ ಸರಿಯಿಲ್ಲ ಅಂತ ಗೊತ್ತಾದ ತಕ್ಷಣ ಕೈಗೆ ಸಿಕ್ಕಿದ್ದು ಹಿಡಿದು ಹುಡುಕೋಕೆ ಹೊರಟಳು. ನನ್ನ ಫೋನಿನಲ್ಲಿ ಎಕ್ಸ್‌ರೇ ಫೋಟೋ ಇತ್ತು. ನಾನು ಅದನ್ನು ತೆಗೆದೂ ನೋಡುತ್ತಿರಲಿಲ್ಲ.

ಆ ಕೋಣೆಯಲ್ಲಿ ಇನ್ನೊಂದು ವಿಚಿತ್ರ ಇದೆ. ಅದರ ಬಾಗಿಲು ಕೆಳಗಿಲ್ಲ, ಮೇಲಿದೆ. ನೀರು ಹೋಗೋ ತೂತನ್ನು ಯಾರಾದರೂ ಬಚ್ಚಲಿನ ಗೋಡೆಯ ಮೇಲ್ಗಡೆ ಇಡ್ತಾರಾ? ಇಲ್ಲಿ ಇಟ್ಟಿದೆ. ಒಳಗೋಡೆಗೆಲ್ಲ ಒಂದು ಮಿಲಿಮೀಟರ್ ಆಸುಪಾಸಿನ ತೆಳು ಪೊರೆ. ಆ ಪೊರೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲುಗಳು. ಅವು ಹಗಲೂ ರಾತ್ರಿ ಬೀಸುತ್ತಾ, ಲೋಳೆಯನ್ನು ಮೇಲಕ್ಕೆ, ಆ ಕಿರಿದಾದ ಬಾಗಿಲಿನ ಕಡೆಗೆ ತಳ್ಳುತ್ತವೆ. ಅಲ್ಲಿಂದ ಮೂಗಿಗೆ, ಮೂಗಿನಿಂದ ಗಂಟಲಿಗೆ. ನಮಗೆ ಗೊತ್ತೇ ಆಗಲ್ಲ. ಬಾಗಿಲು ತೆರೆದಿದ್ದು, ಈ ಕೂದಲುಗಳು ಬೀಸುತ್ತಿರೋ ತನಕ ಎಲ್ಲ ಸರಿ. ಒಂದು ಹೊರಗಿನ ವಸ್ತು ಬಂದು ಬಿದ್ದು, ಬಾಯಿಯ ಕ್ರಿಮಿಗಳೂ ಅದರ ಜೊತೆ ಬಂದು, ಪೊರೆ ಊದಿ ಬಾಗಿಲು ಮುಚ್ಚಿಕೊಂಡರೆ ಮುಗೀತು. ಕೊಳೆತದ್ದು ಒಳಗೇ ನಿಲ್ಲುತ್ತೆ.

ಸ್ಕ್ರೂ ಯಾಕೆ ಮೇಲಕ್ಕೆ ಹೋಯಿತು

ಇದಕ್ಕೆ ಅರ್ಧ ಉತ್ತರ ಆರೇಳು ವರ್ಷ ನಾನು ಆ ಜಾಗವನ್ನು ಖಾಲಿ ಬಿಟ್ಟದ್ದರಲ್ಲೇ ಇದೆ. ಹಲ್ಲು ಇಲ್ಲದ ಕಡೆ ಮೂಳೆಗೆ ಕೆಲಸ ಇರಲ್ಲ, ಕೆಳಗಿನಿಂದ ಕರಗುತ್ತಾ ಬರುತ್ತೆ. ಮೇಲಿನಿಂದ ಸೈನಸ್ ಕೂಡ ಸುಮ್ಮನಿರಲ್ಲ, ನಿಧಾನಕ್ಕೆ ಕೆಳಗೆ ಹಿಗ್ಗುತ್ತೆ. ಎರಡೂ ಕಡೆಯಿಂದ ಸವೆದು ನಡುವೆ ಉಳಿಯೋದು ಕೆಲವು ಮಿಲಿಮೀಟರ್ ಮೂಳೆ. ಅದೂ ಮೇಲಿನ ದವಡೆಯ ಹಿಂಭಾಗದ್ದು ಸ್ಪಂಜಿನಂಥ ಮೆದು ಮೂಳೆ. ನನಗೆ ಉಳಿದಿದ್ದದ್ದು 5 ಮಿಲಿಮೀಟರ್. ಹಾಕಬೇಕಾದ ಸ್ಕ್ರೂ 10. ಹಾಗಾಗಿ ಪೊರೆಯನ್ನು ತೂತಿನ ಮೂಲಕವೇ ಸ್ವಲ್ಪ ಮೇಲಕ್ಕೆತ್ತಿ, ಕೆಳಗೆ ಮೂಳೆಪುಡಿ ತುಂಬಿ, ಸ್ಕ್ರೂ ಕೂರಿಸಿದ್ದರು. ಇದು ಹೊಸದೇನಲ್ಲ. ಪೊರೆ ಎತ್ತಿ ಮೂಳೆ ತುಂಬುವ ವಿಧಾನ 1980ರಿಂದಲೇ ವೈದ್ಯಕೀಯ ಪತ್ರಿಕೆಗಳಲ್ಲಿದೆ, ಬಹಳ ಜನಕ್ಕೆ ಚೆನ್ನಾಗಿ ಆಗಿದೆ. ಆದರೆ ಎಲ್ಲ ನಿಂತಿರೋದು ಒಂದೇ ವಿಷಯದ ಮೇಲೆ. ಮೂಳೆ ಸ್ಕ್ರೂವನ್ನು ಹಿಡಿಯಬೇಕು.

ಇಂಪ್ಲಾಂಟ್ ಹುಟ್ಟಿದ್ದೇ ಆ ಹಿಡಿತದಿಂದ. 1952ರಲ್ಲಿ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ ಮೊಲದ ಕಾಲಿನ ಮೂಳೆಯೊಳಗೆ ಟೈಟಾನಿಯಂ ಉಪಕರಣ ಕೂರಿಸಿ ರಕ್ತ ಹರಿಯೋದನ್ನು ನೋಡುತ್ತಿದ್ದರು. ಪ್ರಯೋಗ ಮುಗಿದ ಮೇಲೆ ತೆಗೆಯೋಕೆ ಹೋದರೆ ಅದು ಬರಲೇ ಇಲ್ಲ. ಮೂಳೆ ಕಚ್ಚಿಕೊಂಡುಬಿಟ್ಟಿತ್ತು. 1965ರಲ್ಲಿ ಯೋಸ್ಟಾ ಲಾರ್ಸನ್ ಅನ್ನೋ ರೋಗಿಗೆ ಮೊದಲ ಸಲ ಇಂಥ ಇಂಪ್ಲಾಂಟ್ ಹಾಕಿದರು. ಆತ 2006ರಲ್ಲಿ ತೀರಿಕೊಳ್ಳುವ ತನಕವೂ ಅವು ಬಾಯಲ್ಲೇ ಇದ್ದವು. ನನ್ನದರಲ್ಲಿ ನಾಲ್ಕು ತಿಂಗಳಾದರೂ ಮೂಳೆ ಕಚ್ಚಿಕೊಂಡಿರಲಿಲ್ಲ. ಹೊರಗೆ ಒಸಡು ಚೆನ್ನಾಗಿ ಕೂಡಿತ್ತು, ನೋವಿಲ್ಲ, ಊತ ಇಲ್ಲ. ಒಳಗೆ ಸ್ಕ್ರೂ ಸುಮ್ನೆ ಕೂತಿತ್ತು ಅಷ್ಟೇ. ಕೆಳಗಿನಿಂದ ಒಂದು ಒತ್ತು ಬಿತ್ತು, ಹೋಯಿತು. ಕೆಲವರಿಗೆ ಹಾಕುವ ದಿನವೇ ಹೀಗಾಗುತ್ತೆ. ಇನ್ನು ಕೆಲವರಿಗೆ ಹಲ್ಲು ಕೂರಿಸಿ, ವರ್ಷಗಟ್ಟಲೆ ಅಗಿದ ಮೇಲೆ, ಸುತ್ತ ಸೋಂಕಾಗಿ ಮೂಳೆ ಕರಗಿ ಹೋಗೋದೂ ಉಂಟು.

ಇಂಪ್ಲಾಂಟ್ ಹಾಕಿಸುವ ಮುಂಚೆ ನನಗೊಂದು ಫಾರ್ಮ್ ಕೊಟ್ಟಿದ್ದರು. ಎರಡು ಪುಟ. ಓದದೆ ಸಹಿ ಹಾಕಿದೆ. ಆಮೇಲೆ ತೆಗೆದು ನೋಡಿದರೆ "ಇಂಪ್ಲಾಂಟ್ ಸೈನಸ್‌ಗೆ ಜಾರುವ ಸಾಧ್ಯತೆ" ಅನ್ನೋ ಸಾಲು ಅದರಲ್ಲಿತ್ತು. ನಾನು ಅವತ್ತು ಕೇಳಿದ್ದ ಒಂದೇ ಪ್ರಶ್ನೆ, ಹೊಸ ಹಲ್ಲಿನ ಬಣ್ಣ ಪಕ್ಕದ್ದಕ್ಕೆ ಹೊಂದುತ್ತಾ ಅಂತ. ಮೂಳೆ ಎಷ್ಟು ಎತ್ತರ ಉಳಿದಿದೆ ಅಂತ ಕೇಳಬಹುದಿತ್ತು. ಮೇಲಿನ ದವಡೆಗೆ ಇಂಪ್ಲಾಂಟ್ ಹಾಕಿಸಲು ಹೊರಟವರು ಯಾರಾದರೂ ಸಿಕ್ಕರೆ ಈಗ ನಾನು ಮೊದಲು ಕೇಳೋದು ಅದನ್ನೇ. ಮೂಳೆ ಎಷ್ಟಿದೆಯಂತೆ? ಪಾಪ, ಅವರು ನನ್ನ ಮುಖ ನೋಡ್ತಾರೆ.

ಏಳು ತಿಂಗಳು

ಮೊದಲ ತಿಂಗಳು ನಿಜವಾಗಿಯೂ ಏನೂ ಆಗಲಿಲ್ಲ. ಅದೇ ಎಡವಟ್ಟಾಗಿದ್ದು. ಡಾಕ್ಟರ್ ಎರಡು ಸಲ ಫೋನ್ ಮಾಡಿ ಸರ್ಜನ್ ಹತ್ತಿರ ಹೋದಿರಾ ಅಂತ ಕೇಳಿದರು. ಮುಂದಿನ ವಾರ ಅಂದೆ. ಮೂರನೇ ಸಲ ಅವರ ಹೆಸರು ಪರದೆಯ ಮೇಲೆ ಕಂಡಾಗ ಎತ್ತಲೇ ಇಲ್ಲ. ಅವರ ಮೇಲೆ ಸಿಟ್ಟಿತ್ತು. ತಪ್ಪು ಅವರದು, ಅಲೆದಾಟ ನನ್ನದು ಅನ್ನೋ ಸಿಟ್ಟು. ಸಿಟ್ಟು ಒಂದು ಒಳ್ಳೆ ನೆಪ ಕೂಡ. ಹೆದರಿಕೆ ಅಂತ ಒಪ್ಪಿಕೊಳ್ಳೋದಕ್ಕಿಂತ ಸಿಟ್ಟು ಅಂದುಕೊಳ್ಳೋದು ಸುಲಭ.

ನಾಲ್ಕನೇ ತಿಂಗಳಲ್ಲಿ ಒಂದು ದಿನ ನೀರು ಕುಡಿಯುವಾಗ ಬಲ ಮೂಗಿನ ಹೊಳ್ಳೆ ಒದ್ದೆಯಾಯಿತು. ಒಂದೇ ಒಂದು ಹನಿ. ಒರೆಸಿಕೊಂಡು ಸುಮ್ಮನಾದೆ. ಒಸಡಿನ ಹೊಲಿಗೆಯ ಜಾಗದಲ್ಲಿ ಸಣ್ಣ ತೂತು ಉಳಿದು, ಬಾಯಿಗೂ ಸೈನಸ್‌ಗೂ ದಾರಿ ಆಗಿಬಿಟ್ಟಿತ್ತು. ಆಮೇಲೆ ಮೂಗು ಸೋರೋಕೆ ಶುರುವಾಯಿತು. ಅದೂ ಬಲಗಡೆ ಮಾತ್ರ, ಹಳದಿ ಬಣ್ಣ. ನೆಗಡಿ ಅಂತ ಮಾತ್ರೆ ನುಂಗಿದೆ. ಹೋಗದಿದ್ದಾಗ ನಮ್ಮ ಮಾಮೂಲಿ ಡಾಕ್ಟರ ಹತ್ತಿರ ಹೋದೆ. ಸೈನಸ್ ಇನ್‌ಫೆಕ್ಷನ್ ಅಂತ ಆಂಟಿಬಯಾಟಿಕ್ ಬರೆದರು. ಒಂದು ವಾರ ಕಮ್ಮಿಯಾಯಿತು, ಮಾತ್ರೆ ಮುಗಿದ ಮೇಲೆ ಮತ್ತೆ ಶುರು. ಅವರಿಗೆ ಸ್ಕ್ರೂ ವಿಷಯ ನಾನು ಹೇಳಿಯೇ ಇರಲಿಲ್ಲ. ಮರೆತಿದ್ದೆನಾ, ಬೇಕಂತಲೇ ಬಿಟ್ಟೆನಾ, ಇವತ್ತಿಗೂ ಸರಿಯಾಗಿ ಹೇಳಲಾರೆ. ಮಾಮೂಲಿ ನೆಗಡಿ ಎರಡೂ ಕಡೆ ಕಾಡುತ್ತೆ. ಒಂದೇ ಕಡೆ ಸೋರಿ, ಜೊತೆಗೆ ಕೆಟ್ಟ ವಾಸನೆಯೂ ಬಂದರೆ ಮೇಲಿನ ಹಲ್ಲುಗಳ ಕಡೆ ನೋಡಬೇಕು ಅಂತ ಆಮೇಲೆ ಇಎನ್‌ಟಿ ಡಾಕ್ಟರ್ ಹೇಳಿದರು. ಅಷ್ಟರಲ್ಲಿ ನಾನು ಬೀರು ಸರಿಸುವ ಹಂತಕ್ಕೆ ಬಂದಿದ್ದೆ.

ಕೊನೆಗೆ ಹಿಡಿದದ್ದು ಮಗಳು. ಊಟಕ್ಕೆ ಕೂತಾಗ ನಾನು ಮತ್ತೆ ವಾಸನೆಯ ಪುರಾಣ ತೆಗೆದೆ. ಅವಳು ತಲೆ ಎತ್ತದೆ, "ಅಪ್ಪಾ, ಆ ಸ್ಕ್ರೂ ತೆಗೆಸಿದ್ರಾ?" ಅಂದಳು. ಹೆಂಡತಿ ನನ್ನ ಕಡೆ ತಿರುಗಿದಳು. "ಯಾವ ಸ್ಕ್ರೂ?" ನಾನು ಅವಳಿಗೆ ಹೇಳಿದ್ದು "ಸ್ವಲ್ಪ ಮೇಲೆ ಹೋಗಿದೆ" ಅಂತ ಮಾತ್ರ ತಾನೇ. ಅವಳು ಅದನ್ನು ಹಲ್ಲು ಚೂರು ಮೇಲೆ ಕೂತಿದೆ ಅಂತ ತಿಳಿದುಕೊಂಡಿದ್ದಳು. ಮಗಳಿಗೆ ಒಂದು ದಿನ ಎಕ್ಸ್‌ರೇ ಫೋಟೋ ತೋರಿಸಿದ್ದೆ, ತಮಾಷೆಗೆ. ಆ ರಾತ್ರಿ ಮನೆಯಲ್ಲಿ ನಡೆದ ಮಾತುಕತೆಯನ್ನು ಇಲ್ಲಿ ಬರೆಯಲ್ಲ.

ಎರಡು ಚಿತ್ರ

ಬಾಯಿ ಮತ್ತು ದವಡೆಯ ಸರ್ಜನ್ ಒಬ್ಬರು, ಇಎನ್‌ಟಿ ಸರ್ಜನ್ ಒಬ್ಬರು, ಇಬ್ಬರೂ ಸೇರಿ ನನ್ನನ್ನು ನೋಡಿದರು. ಹೊಸದಾಗಿ ಸಿಟಿ ಸ್ಕ್ಯಾನ್ ಮಾಡಿಸಿದರು. ಹಳೆಯ ಎಕ್ಸ್‌ರೇಯನ್ನೂ ಹೊಸ ಸ್ಕ್ಯಾನನ್ನೂ ಅಕ್ಕಪಕ್ಕ ಇಟ್ಟರು. ಹಳೆಯದರಲ್ಲಿ ಸ್ಕ್ರೂ ಸೈನಸ್‌ನ ತಳದಲ್ಲಿ ಮಲಗಿತ್ತು. ಹೊಸದರಲ್ಲಿ ಹಿಂದಿನ ಗೋಡೆಗೆ ಒರಗಿ, ಮೇಲ್ಗಡೆ ನಿಂತಿತ್ತು. ಸುತ್ತ ಕಪ್ಪಗಿರಬೇಕಾದ ಜಾಗ ಬೂದು ಬೂದು. ಕೀವು ಮತ್ತು ಊದಿದ ಪೊರೆ.

ನನಗೆ ನಿಜವಾಗಿ ಭಯ ಆದದ್ದು ಆಗ. ಇಷ್ಟು ದಿನ ನನ್ನ ತಲೆಯಲ್ಲಿ ಅದು ಒಂದು ಕಡೆ ಬಿದ್ದಿರುವ ವಸ್ತು. ಕಳೆದುಹೋದ ಬೀಗದ ಕೈ ಸೋಫಾ ಸಂದಿಯಲ್ಲಿ ಇರುತ್ತಲ್ಲ, ಹಾಗೆ. ಬೇಕಾದಾಗ ತೆಗೆದರಾಯಿತು. ಅದು ಓಡಾಡುತ್ತೆ ಅಂತ ನನಗೆ ಹೊಳೆದೇ ಇರಲಿಲ್ಲ. ಎಕ್ಸ್‌ರೇ ತೆಗೆದಾಗ ಕೂತಿದ್ದಿರಿ, ಸಿಟಿಗೆ ಅಂಗಾತ ಮಲಗಿದ್ದಿರಿ, ಅದಕ್ಕೇ ಜಾರಿರಬಹುದು ಅಂದರು ಇಎನ್‌ಟಿ ಡಾಕ್ಟರ್. ಅದೂ ಅಲ್ಲದೆ ಆ ಕೂದಲುಗಳು ಲೋಳೆ ತಳ್ಳುವಾಗ ಇದನ್ನೂ ಬಾಗಿಲಿನ ಕಡೆ ಒಯ್ಯಬಹುದು. ಕಣ್ಣುಗಳ ನಡುವಿನ ಸಣ್ಣ ಸೈನಸ್‌ಗಳಿಗೆ, ತಲೆಬುರುಡೆಯ ನಡುವೆ ಇರುವ ಸ್ಫಿನಾಯ್ಡ್ ಸೈನಸ್‌ಗೆ ಇಂಪ್ಲಾಂಟ್ ಹೋದ ಪ್ರಕರಣಗಳೂ ದಾಖಲಾಗಿವೆ. ಅದಕ್ಕೇ ನೋವಿಲ್ಲದಿದ್ದರೂ ತೆಗೆಸಿ ಅನ್ನೋದು, ಆಪರೇಷನ್ ಹತ್ತಿರ ಬಂದಾಗ ಇನ್ನೊಮ್ಮೆ ಸ್ಕ್ಯಾನ್ ಮಾಡೋದು. ಹೋದ ತಿಂಗಳ ಚಿತ್ರ ನೋಡಿಕೊಂಡು ಒಳಗೆ ಹೋದರೆ ಸ್ಕ್ರೂ ಅಲ್ಲೇ ಕಾಯ್ತಾ ಕೂತಿರುತ್ತೆ ಅಂತ ಗ್ಯಾರಂಟಿ ಇಲ್ಲ.

ಆಯಸ್ಕಾಂತ ಹಾಕಿ ಎಳೆಯೋಕಾಗಲ್ವಾ ಅಂತ ಕೇಳಿದೆ. ಇಬ್ಬರೂ ನಕ್ಕರು. ಟೈಟಾನಿಯಂ ಆಯಸ್ಕಾಂತಕ್ಕೆ ಅಂಟಲ್ಲ.

ಒಳಗೆ ಹೋಗುವ ದಾರಿಗಳು ಬೇರೆ ಬೇರೆ. ಹಳೆಯದು ಮೇಲ್ದುಟಿ ಎತ್ತಿ, ಕೋರೆಹಲ್ಲಿನ ಮೇಲಿನ ಮೂಳೆ ಕೊರೆದು ಹೋಗುವುದು. ಅಮೆರಿಕದ ಜಾರ್ಜ್ ಕಾಲ್ಡ್‌ವೆಲ್ 1893ರಲ್ಲಿ, ಫ್ರಾನ್ಸಿನ ಹೆನ್ರಿ ಲ್ಯೂಕ್ 1897ರಲ್ಲಿ ಬರೆದದ್ದು, ಇಬ್ಬರ ಹೆಸರೂ ಸೇರಿ ಕಾಲ್ಡ್‌ವೆಲ್-ಲ್ಯೂಕ್ ಅಂತಲೇ ಕರೆಯುತ್ತಾರೆ. ಆ ಕಾಲದಲ್ಲಿ ಒಳಗಿನ ಪೊರೆಯನ್ನೆಲ್ಲ ಕೆರೆದು ತೆಗೆದು, ಕೀವು ಇಳಿದು ಹೋಗಲಿ ಅಂತ ಮೂಗಿನ ಕೆಳಭಾಗಕ್ಕೆ ಹೊಸ ತೂತು ಮಾಡುತ್ತಿದ್ದರು. ನೀರು ಕೆಳಗೆ ಹರಿಯುತ್ತೆ ಅನ್ನೋದು ನಮ್ಮೆಲ್ಲರ ಲೆಕ್ಕ ತಾನೇ. ಆದರೆ ಆ ಕೂದಲುಗಳು ಕೆಳಗಿನ ಹೊಸ ತೂತನ್ನು ಕ್ಯಾರೇ ಅನ್ನಲಿಲ್ಲ. ಅದರ ಪಕ್ಕದಲ್ಲೇ ಹಾದು, ಲೋಳೆಯನ್ನು ಮೇಲಿನ ಹಳೇ ಬಾಗಿಲಿಗೇ ಹೊತ್ತುಕೊಂಡು ಹೋದವು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ವಾಲ್ಟರ್ ಮೆಸರ್‌ಕ್ಲಿಂಗರ್ ಎಂಡೋಸ್ಕೋಪ್, ಅಂದ್ರೆ ಒಳಗೆ ತೂರಿಸಿ ನೋಡುವ ಸಣ್ಣ ಕೊಳವೆ ಹಾಕಿ ಲೋಳೆಯ ಈ ದಾರಿಗಳನ್ನು ಗುರುತಿಸಿದರು. ಈಗ ಮೂಗಿನ ಮೂಲಕವೇ ಹೋಗಿ ಆ ಹಳೇ ಬಾಗಿಲನ್ನು ಅಗಲ ಮಾಡೋದು ಅದರ ಮುಂದುವರಿಕೆಯೇ. ನನಗೆ ಈ ಭಾಗ ಯಾಕೋ ಬಹಳ ಇಷ್ಟ. ಹೊಸ ಗೇಟ್ ಮಾಡಿಕೊಟ್ಟರೂ ಹಳೇ ಕಾಲುದಾರಿಯಲ್ಲೇ ನಡೆಯುವ ಮುದುಕರ ಹಾಗೆ ಆ ಕೂದಲುಗಳು.

ನನ್ನದರಲ್ಲಿ ಕೀವು ಕಟ್ಟಿತ್ತು, ಬಾಗಿಲು ಮುಚ್ಚಿತ್ತು, ಬಾಯಿಯ ಕಡೆ ತೂತೂ ಇತ್ತು. ಸ್ಕ್ರೂ ತೆಗೆದರೆ ಸಾಲದು, ಮೂರನ್ನೂ ಸರಿ ಮಾಡಬೇಕು. ಅದಕ್ಕೇ ಇಬ್ಬರು ಸರ್ಜನ್‌ಗಳು, ಮೂಗಿನಿಂದ ಒಬ್ಬರು, ಬಾಯಿಯಿಂದ ಒಬ್ಬರು. ಪೂರ್ತಿ ಅನಸ್ತೇಷಿಯಾ ಕೊಟ್ಟು ಮಾಡುವುದು ಅಂತ ತೀರ್ಮಾನವಾಯಿತು.

ವಿಡಿಯೋ

ಆಪರೇಷನ್ ಬಗ್ಗೆ ನನಗೆ ಸ್ವಂತ ನೆನಪಿಲ್ಲ. ಹತ್ತರಿಂದ ಹಿಂದಕ್ಕೆ ಎಣಿಸಿ ಅಂದರು, ಏಳು ಅಂದದ್ದು ನೆನಪಿದೆ. ಉಳಿದದ್ದು ಇಎನ್‌ಟಿ ಡಾಕ್ಟರ್ ಮುಂದಿನ ವಾರ ಕಂಪ್ಯೂಟರಿನಲ್ಲಿ ತೋರಿಸಿದ ವಿಡಿಯೋ. ನೋಡಬೇಕಾ ಅಂತ ಕೇಳಿದರು. ಹೆಂಡತಿ "ನಂಗೆ ಬೇಡಪ್ಪ" ಅಂತ ಹೊರಗೆ ಹೋಗಿ ಕೂತಳು.

ಮೊದಲು ಮೂಗಿನ ಒಳಗಿನ ಗುಲಾಬಿ ಗೋಡೆಗಳು. ಆಮೇಲೆ ಸಣ್ಣ ಇಕ್ಕಳದಲ್ಲಿ ಒಂದು ತೆಳು ಮೂಳೆ ಚೂರನ್ನು ತೆಗೆದರು. ಹಿಂದೆ ಬಾಗಿಲು ಇರಬೇಕಾದ ಕಡೆ ಊದಿದ ಮಾಂಸ. ಅದನ್ನು ಬಿಡಿಸಿದ ತಕ್ಷಣ ದಪ್ಪನೆಯ ಹಳದಿ ಹಸಿರು ಕೀವು ಹೊರಗೆ ನುಗ್ಗಿತು. "ನೋಡಿ, ನೀವು ಹುಡುಕ್ತಿದ್ದ ವಾಸನೆ" ಅಂದರು ಡಾಕ್ಟರ್. ಸಲೈನ್ ಬಿಟ್ಟು ತೊಳೆದರು, ಹೀರಿದರು, ಮತ್ತೆ ತೊಳೆದರು. ಕ್ಯಾಮೆರಾ ಬಾಗಿಲು ದಾಟಿ ಒಳಗೆ ಹೋಯಿತು. ಉಬ್ಬಿದ ಪೊರೆ, ಮೂಲೆ, ಇನ್ನೊಂದು ಮೂಲೆ. ಸ್ಕ್ರೂ ಇಲ್ಲ. ಸ್ಕ್ಯಾನ್‌ನಲ್ಲಿ ಹಿಂದಿನ ಗೋಡೆಗೆ ಒರಗಿದ್ದದ್ದು ಅಲ್ಲಿರಲಿಲ್ಲ. ವಿಡಿಯೋದಲ್ಲಿ ಅದು ಬರೀ ಒಂದೆರಡು ನಿಮಿಷ. ನೋಡುತ್ತಾ ಕೂತ ನನಗೆ ಕುರ್ಚಿಯ ಕೈ ಬಿಗಿಯಾಗಿ ಹಿಡಿದಿದ್ದೆ ಅಂತ ಆಮೇಲೆ ಗೊತ್ತಾಯಿತು. ತೆಗೆದದ್ದು ನನ್ನದೇ ತಲೆಯಿಂದ, ತೆಗೆದೂ ಆಗಿದೆ, ಆದರೂ ಸಿಗುತ್ತೋ ಇಲ್ಲವೋ ಅಂತ ಆತಂಕ. ನೇರ ನೋಡುವ ಎಂಡೋಸ್ಕೋಪ್ ತೆಗೆದು, ಪಕ್ಕಕ್ಕೆ ನೋಡುವ 70 ಡಿಗ್ರಿಯದನ್ನು ಹಾಕಿದರು. ಮುಂದಿನ ಕೆಳಗಿನ ಮೂಲೆ ನಿಧಾನಕ್ಕೆ ಕಂಡಿತು. ಅಲ್ಲಿ, ಲೋಳೆಯ ಮಧ್ಯೆ, ಸ್ಕ್ರೂವಿನ ಮೂರು ಥ್ರೆಡ್ ಹೊಳೆದವು.

ಕಂಡಿತು, ಆದರೆ ಇಕ್ಕಳ ಅಲ್ಲಿಗೆ ತಿರುಗುತ್ತಿರಲಿಲ್ಲ. ಹಾಗಾಗಿ ಬಾಯಿಯ ಕಡೆಯಿಂದ ಇನ್ನೊಬ್ಬರು ಕೆಲಸ ಶುರು ಮಾಡಿದರು. ಒಸಡು ಬಿಡಿಸಿ, ಶಬ್ದದ ಅಲೆಯಲ್ಲಿ ನಡುಗುವ ತೆಳು ಗರಗಸದಲ್ಲಿ ಮೂಳೆಯ ಮುಂಗೋಡೆಗೆ ಚೌಕಾಕಾರದ ಕಿಟಕಿ ಕೊಯ್ದರು. ಆ ಗರಗಸ ಮೂಳೆ ಕೊಯ್ಯುತ್ತೆ, ಮೆದು ಪೊರೆಯನ್ನು ಹೆಚ್ಚುಕಮ್ಮಿ ಬಿಟ್ಟುಬಿಡುತ್ತೆ. ಕೊಯ್ದ ಮೂಳೆಯ ಚೂರನ್ನು ಎಸೆಯಲಿಲ್ಲ, ಸಲೈನ್‌ನಲ್ಲಿ ಹಾಕಿಟ್ಟರು. ಸ್ಕ್ರೂ ತೆಗೆದ ಮೇಲೆ ಅದೇ ಚೂರನ್ನು ಕಿಟಕಿಗೆ ಬಾಗಿಲ ಹಾಗೆ ಮತ್ತೆ ಕೂರಿಸಿದರು. ಕೆನ್ನೆಯ ಒಳಗಿನ ಮಾಂಸದ ಪದರ ಎಳೆದು ತಂದು ಬಾಯಿಯ ತೂತು ಮುಚ್ಚಿ ಹೊಲಿದರು. ಎಲ್ಲ ಸೇರಿ ಒಂದೂವರೆ ಗಂಟೆ.

ಆಮೇಲಿನ ಎರಡು ವಾರ ಮೂಗು ಸೀಟಬಾರದು, ಸ್ಟ್ರಾ ಹಾಕಿ ಕುಡಿಯಬಾರದು, ಸೀನು ಬಂದರೆ ತಡೆಯಬಾರದು, ಬಾಯಿ ಅಗಲ ಮಾಡಿಯೇ ಸೀನಬೇಕು. ಮೂಗು ಮುಚ್ಚಿ ಸೀನಿದರೆ ಒಳಗಿನ ಒತ್ತಡಕ್ಕೆ ಹೊಲಿಗೆ ಕಿತ್ತು ಬರುತ್ತೆ. ಬಾಯಿ ಅಗಲ ಮಾಡಿ ಸೀನಿ ನೋಡಿ, ಎಮ್ಮೆ ಕರು ಕೂಗಿದ ಹಾಗಾಗುತ್ತೆ. ರಾತ್ರಿ ಎರಡು ಗಂಟೆಗೆ ಹಾಗೆ ಸೀನಿದಾಗ ಇಡೀ ಮನೆ ಎದ್ದು ಕೂತಿತು. ಕಣ್ಣಿನ ಕೆಳಗಿನಿಂದ ಬರುವ ನರ ಆ ಕಿಟಕಿಯ ಹತ್ತಿರವೇ ಹಾದು ಹೋಗುತ್ತೆ. ಅದಕ್ಕೆ ಎಳೆತ ಬಿದ್ದು ಬಲಗಡೆ ಮೇಲ್ದುಟಿ ಆರು ವಾರ ಮರಗಟ್ಟಿತ್ತು. ಶೇವ್ ಮಾಡುವಾಗ ಅರ್ಧ ಮುಖ ನನ್ನದು, ಅರ್ಧ ಯಾರದೋ. ಎರಡು ಸಲ ಕೊಯ್ದುಕೊಂಡೆ, ರಕ್ತ ಕಂಡ ಮೇಲೆ ಗೊತ್ತಾಯಿತು. ವಾಸನೆ ಮಾತ್ರ ನಾಲ್ಕನೇ ದಿನಕ್ಕೇ ಹೋಗಿತ್ತು. ಹೋಯಿತು ಅಂತಲೂ ತಕ್ಷಣ ಗೊತ್ತಾಗಲಿಲ್ಲ. ಸಂಜೆ ಫ್ರಿಜ್ ತೆಗೆದು, ಮುಚ್ಚಿ, ಎರಡು ಹೆಜ್ಜೆ ಬಂದ ಮೇಲೆ, ಅರೆ, ಮೂಸಿ ನೋಡಲೇ ಇಲ್ವಲ್ಲ ಅನ್ನಿಸಿತು.

ಬಾಟಲಿ

ಸ್ಕ್ರೂವನ್ನು ಪುಟ್ಟ ಪ್ಲಾಸ್ಟಿಕ್ ಬಾಟಲಿಯಲ್ಲಿ ಹಾಕಿ ಕೊಟ್ಟಿದ್ದರು. ಎರಡು ತಿಂಗಳು ಮೇಜಿನ ಡ್ರಾಯರಿನಲ್ಲಿತ್ತು. ಆಮೇಲೆ ಒಂದು ದಿನ ಅದನ್ನು ಜೇಬಿಗೆ ಹಾಕಿಕೊಂಡು ಹಲ್ಲಿನ ಡಾಕ್ಟರ ಹತ್ತಿರ ಹೋದೆ. ಫೋನ್ ಮಾಡಿರಲಿಲ್ಲ. ಅವರು ನನ್ನನ್ನು ನೋಡಿ ಎದ್ದು ನಿಂತರು. ಏನು ಹೇಳಬೇಕು ಅಂತ ದಾರಿಯುದ್ದಕ್ಕೂ ಯೋಚಿಸಿಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರಲಿಲ್ಲ. ಬಾಟಲಿ ಮೇಜಿನ ಮೇಲಿಟ್ಟೆ.

ಅವರು ಚಿಮಟದಲ್ಲಿ ಹಿಡಿದು, ದೀಪದ ಕೆಳಗೆ ತಿರುಗಿಸಿ ತಿರುಗಿಸಿ ನೋಡಿದರು. "ಥ್ರೆಡ್ ಸಂದಿ ನೋಡಿ ಸರ್. ಒಂಚೂರೂ ಮೂಳೆ ಹಿಡಿದಿಲ್ಲ. ಒತ್ತೋಕೆ ಮುಂಚೆ ಒಂದ್ಸಲ ಅಲ್ಲಾಡುತ್ತಾ ಅಂತ ನೋಡ್ಬೇಕಿತ್ತು ನಾನು." ನಾನು ಅಂದೆ, "ನಾನೂ ಫೋನ್ ಎತ್ಬೇಕಿತ್ತು." ಸ್ವಲ್ಪ ಹೊತ್ತು ಇಬ್ಬರೂ ಸ್ಕ್ರೂ ನೋಡಿದೆವು.

ಆಮೇಲೆ ಬಾಯಿ ತೆಗೆಸಿ ನೋಡಿದರು. ತೂತು ಚೆನ್ನಾಗಿ ಮುಚ್ಚಿದೆ, ಇನ್ನಾರು ತಿಂಗಳು ಏನೂ ಮಾಡೋದು ಬೇಡ, ಆಮೇಲೆ ಮೂಳೆ ತುಂಬಿಸಿ ಮತ್ತೆ ಇಂಪ್ಲಾಂಟ್ ಹಾಕಬಹುದು, ಬೇಡ ಅಂದ್ರೆ ಪಕ್ಕದ ಹಲ್ಲುಗಳ ಆಸರೆಯಲ್ಲಿ ನಿಲ್ಲುವ ಕಟ್ಟಿಸಿದ ಹಲ್ಲು, ಅಂದ್ರೆ ಬ್ರಿಡ್ಜ್ ಮಾಡಬಹುದು, ಅದೂ ಬೇಡ ಅಂದ್ರೆ ಹಾಗೇ ಬಿಡಬಹುದು ಅಂದರು. ಈಗ ಮೂಳೆ ಎಷ್ಟಿದೆ ಅಂತ ಕೇಳಿದೆ. ಸರ್ಜನ್ ಕಳಿಸಿದ್ದ ಸ್ಕ್ಯಾನ್ ತೆರೆದು, ಪರದೆಯ ಮೇಲೆ ಗೆರೆ ಎಳೆದು, ನನ್ನ ಕಡೆ ತಿರುಗಿಸಿದರು. 3.8 ಮಿಲಿಮೀಟರ್.

ಹೊರಡುವಾಗ ಬಾಟಲಿ ಕೈಗೆ ತೆಗೆದುಕೊಂಡೆ. ಅವರು ಒಂದು ಕ್ಷಣ ತಡೆದು, "ಬೇಡ ಅಂದ್ರೆ ಪರವಾಗಿಲ್ಲ, ಇದನ್ನ ನಾನು ಇಟ್ಕೊಳ್ಲಾ ಸರ್?" ಅಂದರು. ಡ್ರೈವರ್‌ಗಳನ್ನೆಲ್ಲ ಜೋಡಿಸಿಡುವ ಕಪಾಟಿನ ಗಾಜು ಸರಿಸಿ, ಎದುರಿಗೇ ಕಾಣುವ ಹಾಗೆ ಜಾಗ ಮಾಡಿದರು. ಕೊಟ್ಟು ಬಂದೆ.